ಒಂದು ಸೌಟು ಕಮ್ಮಿ

ಬೆಳಿಗ್ಗೆ ಆರೂ ಹತ್ತಕ್ಕೆ ಫೋನು. ಆ ಹೊತ್ತಿಗೆ ಫೋನು ಹೊಡೆದುಕೊಂಡರೆ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಊರಲ್ಲಿ ಯಾರಿಗೆ ಏನಾಯಿತೋ ಎಂದು ದೋಸೆಹಿಟ್ಟಿನ ಕೈಯಲ್ಲೇ ಎತ್ತಿದೆ.

"ಸೌಟು ಸಿಕ್ತನೇ ತಂಗಿ?"

ಮಗನ ಮುಂಜಿ ಮುಗಿದದ್ದು ಭಾನುವಾರ. ಇವತ್ತು ಮಂಗಳವಾರ. ಇದು ಒಂಬತ್ತನೆಯ ಫೋನು. ಮಾಣಿ ಹುಷಾರಿದ್ದಾನಾ, ಸಂಧ್ಯಾವಂದನೆ ಮಾಡ್ತಾನಾ, ಮೂರು ದಿನ ನಿಂತೇ ಇದ್ದ ನಿನ್ನ ಸೊಂಟ ಹೇಗಿದೆ, ಈ ಪೈಕಿ ಒಂದು ಮಾತೂ ಇಲ್ಲ. ತುಪ್ಪದ ಸೌಟು. ಹೋದದ್ದು ಆರು, ಬಂದದ್ದು ಐದು.

ಫೋನು ಮಾಡುವವರು ನಮ್ಮ ಪಾತ್ರೆ ಭಾವ. ಇವರಿಗೆ ದೊಡ್ಡಪ್ಪನ ಮಗ, ನನಗೆ ಭಾವ, ಊರಿಗೆಲ್ಲ ಪಾತ್ರೆ ಭಾವ. ದೇವಸ್ಥಾನದ ಹಿಂದಿನ ಪಾತ್ರೆ ಕೋಣೆಯ ಬೀಗದ ಕೈ ಇಪ್ಪತ್ತು ವರ್ಷದಿಂದ ಅವರ ಜನಿವಾರದಲ್ಲಿ ನೇತಾಡುತ್ತಿದೆ. ಮದುವೆ, ಮುಂಜಿ, ಹನ್ನೆರಡನೇ ದಿನ, ಊರಲ್ಲಿ ಯಾವ ಊಟವಾಗಬೇಕಾದರೂ ಮೊದಲು ಆ ಕೋಣೆಯ ಬಾಗಿಲು ತೆರೆಯಬೇಕು. ಒಳಗಿರುವ ಒಂದೊಂದು ಪಾತ್ರೆಗೂ ಚುಕ್ಕಿ ಚುಕ್ಕಿಯಾಗಿ ಊರ ಹೆಸರು ಕೊರೆದಿದೆ, ಪಕ್ಕದಲ್ಲಿ ನಂಬರು. ಹೀಗಾಗಿ ಕಳೆದುಹೋದದ್ದು ಬರೀ ತುಪ್ಪದ ಸೌಟಲ್ಲ, ತುಪ್ಪದ ಸೌಟು ನಂಬರು ನಾಲ್ಕು.

ಮೊದಲಿಂದ ಹೇಳುತ್ತೇನೆ. ಗರ್ಭಾಷ್ಟಮ ಅಂದರೆ ಬಸಿರಿನ ತಿಂಗಳೂ ಸೇರಿ 8ನೆಯ ವರ್ಷದಲ್ಲಿ ಮುಂಜಿ ಆಗಬೇಕು ಎಂಬುದು ಶಾಸ್ತ್ರದ ಲೆಕ್ಕ. ನಮ್ಮವನಿಗೆ ಹತ್ತು ದಾಟಿತು. ಒಂದು ವರ್ಷ ಅಡಿಕೆಗೆ ಕೊಳೆ, ಒಂದು ವರ್ಷ ಸೂತಕ, ಒಂದು ವರ್ಷ ಕಾರವಾರಕ್ಕೆ ನನ್ನ ವರ್ಗಾವಣೆ. ಈ ಮೇ ತಿಂಗಳಲ್ಲಿ ಮಾಡಿಯೇ ಬಿಡುವುದು ಎಂದು ಭಟ್ಟರಿಗೆ ಕೇಳಿದರೆ ಅವರು ಪಂಚಾಂಗ ಬಿಚ್ಚುವ ಮೊದಲೇ ಕನ್ನಡಕದ ಮೇಲಿಂದ ನೋಡಿ, "ಇದನ್ನ ನೋಡಿ ಹೇಳವಾ, ನಿಂಗ್ಳ ರಜೆ ನೋಡಿ ಹೇಳವಾ?" ಅಂದರು. ರಜೆ ನೋಡಿಯೇ ಹೇಳಿದರು, ಪಾಪ. ಭಾನುವಾರ ಹನ್ನೊಂದು ಗಂಟೆಗೆ ಮುಹೂರ್ತ.

ಶಿರಸಿ ಪೇಟೆಯಲ್ಲಿ ಒಂದು ಹಾಲ್ ಹಿಡಿದುಬಿಡೋಣ, ಪಾತ್ರೆ, ಅಡಿಗೆ, ಬಡಿಸುವುದು ಎಲ್ಲ ಅವರದೇ ಎಂದೆ ನಾನು. ಇವರಿಗೆ ಅಪ್ಪ ಆಡಿದ ಅಂಗಳದಲ್ಲೇ ಮಗನ ಮುಂಜಿಯಾಗಬೇಕು. ಅಂಗಳಕ್ಕೆ ಚಪ್ಪರ ಬಂತು, ಅಡಿಕೆ ಸೋಗೆ ಬಂತು, ಶನಿವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಗುಡುಗು ಮಳೆಯೂ ಬಂತು. ಕರೆಂಟು ಹೋಯಿತು. ರಾತ್ರಿಯ ತಾಳಮದ್ದಲೆ ಮಾತ್ರ ಮೇಣದಬತ್ತಿಯಲ್ಲೇ ನಡೆಯಿತು. ಕೃಷ್ಣನಿಗೂ ಅರ್ಜುನನಿಗೂ ಮಾತಿಗೆ ಕರೆಂಟು ಬೇಡವಲ್ಲ. ಬೇಕಾದದ್ದು ಕಾಯಿ ರುಬ್ಬುವ ಗ್ರೈಂಡರಿಗೆ. ನೂರಾ ಎಂಬತ್ತು ಎಲೆಯ ಊಟಕ್ಕೆ ಕಾಯಿ ರುಬ್ಬಬೇಕಾದ ಅಡಿಗೆ ಭಟ್ಟರು ರಾತ್ರಿ ಹನ್ನೊಂದಕ್ಕೆ ನನ್ನನ್ನೇ ನೋಡಿದರು, ಇಡೀ ಜಿಲ್ಲೆಯ ಲೈನು ಎಳೆದವಳು ನಾನೇ ಎಂಬ ಹಾಗೆ.

ಇಷ್ಟೆಲ್ಲದರ ನಡುವೆ ಭಾವ ಶುಕ್ರವಾರವೇ ಪಿಕಪ್‌ನಲ್ಲಿ ಪಾತ್ರೆ ಹೇರಿಕೊಂಡು ಬಂದಿದ್ದರು. ಒಂದೊಂದನ್ನೇ ಇಳಿಸುವುದು, ಉದ್ದ ಪಟ್ಟಿಯಲ್ಲಿ ಬರೆಯುವುದು, ಕೊನೆಗೆ ಇವರ ಹತ್ತಿರ ಸಹಿ. ಮನೆಯ ಪತ್ರಕ್ಕೂ ಇವರು ಅಷ್ಟು ಓದಿ ಸಹಿ ಹಾಕಿರಲಿಕ್ಕಿಲ್ಲ. ಕೊಪ್ಪರಿಗೆ ಎರಡು, ಹರಿವಾಣ ಹನ್ನೆರಡು, ಸಾರಿನ ಬಕೇಟು ಎಂಟು, ಲೋಟ ಮುನ್ನೂರು, ಜಾರೆ ಮೂರು. ಜಾರೆಗೆ, ಅಂದರೆ ಕರಿಯುವ ತೂತಿನ ಸೌಟಿಗೆ ಬಂದಾಗ ಭಾವ ಸ್ವಲ್ಪ ತಡೆದರು. "ನಾಕು ಇದ್ದಿತ್ತು. ಒಂದು 2009ರಲ್ಲಿ ಹೋತು."

ಆ ಜಾರೆ ಯಾರ ಮನೆಯ ಮದುವೆಯಲ್ಲಿ ಹೋಯಿತು ಎಂಬುದು ಊರಿಗೇ ಗೊತ್ತು. ಆ ಮನೆಗೆ ಹೆಸರೇ ಜಾರೆಮನೆ ಎಂದಾಗಿದೆ. ಅವರ ಮಗಳು ಅಮೆರಿಕಕ್ಕೆ ಹೋಗಿ ಡಾಕ್ಟರೇಟು ತೆಗೆದುಕೊಂಡಳು, ಊರವರು ಸಂತೋಷದಿಂದ ಹೇಳಿದ್ದು ಏನು? "ಜಾರೆಮನೆ ಕೂಸು ಡಾಕ್ಟರೇಟು ಮಾಡ್ಕಂಡತಡ."

ಭಾನುವಾರ ಬೆಳಿಗ್ಗೆ ಮಾತೃಭೋಜನಕ್ಕೆ ಮಾಣಿಯ ಜೊತೆ ಎಂಟು ಬ್ರಹ್ಮಚಾರಿಗಳು ಕೂರಬೇಕು ಅಂದರು ಭಟ್ಟರು. ಮುಂಜಿಯಾಗಿರಬೇಕು, ಮದುವೆ ಆಗಿರಬಾರದು. ಊರಲ್ಲಿ ಹುಡುಗರೆಲ್ಲಿ? ಶಾಲೆಯನ್ನೇ ಮಕ್ಕಳಿಲ್ಲದೆ ಮುಚ್ಚಿದ್ದಾರೆ. ನೆಂಟರ ಮಕ್ಕಳನ್ನು ಹಿಡಿದು ಕೂರಿಸಿದರೂ ಐದೇ ಆಯಿತು. ಭಟ್ಟರು ಚಪ್ಪರದ ಕಡೆ ಕಣ್ಣು ಹಾಯಿಸಿ, ಕುರ್ಚಿ ಹಾಕುತ್ತಿದ್ದ ಮೂವರನ್ನು ಕರೆದರು. ಒಬ್ಬನಿಗೆ ಮೂವತ್ತಾರು, ಒಬ್ಬನಿಗೆ ಮೂವತ್ತೊಂಬತ್ತು, ಇನ್ನೊಬ್ಬ ತನ್ನ ವಯಸ್ಸು ಹೇಳುವುದನ್ನೇ ಬಿಟ್ಟಿದ್ದಾನೆ. ಮೂವರಿಗೂ ಎಕರೆಗಟ್ಟಲೆ ತೋಟ, ಮೂವರಿಗೂ ಹೆಣ್ಣು ಸಿಕ್ಕಿಲ್ಲ. ತೋಟದ ಮನೆಗೆ ಬರುತ್ತೇನೆ ಎನ್ನುವ ಹುಡುಗಿ ಈಗ ಎಲ್ಲಿದ್ದಾಳೆ? ನಾನೇ ಕಾರವಾರದಲ್ಲಿದ್ದೇನೆ. ಮೂವರೂ ನಗುತ್ತ ಬಂದು, ಎಂಟು ವರ್ಷದ ಪೋರರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. "ನಮ್ಮನ್ನ ಪಾತ್ರೆ ಕೋಣೆಲೇ ಇಟ್ಟುಬಿಡಿ ಭಾವ, ಎಲ್ಲ ಮುಂಜಿಗೂ ಬೇಕಾಗ್ತು" ಅಂದ ಒಬ್ಬ. ಎಲ್ಲರೂ ನಕ್ಕರು. ಬಡಿಸುತ್ತಿದ್ದ ಅವನ ಆಯಿ ಮಾತ್ರ ಎರಡು ಜಿಲೇಬಿ ಜಾಸ್ತಿ ಹಾಕಿ ಮುಂದೆ ಹೋದಳು.

ಮಾತೃಭೋಜನ ಅಂದರೆ ತಾಯಿ ಮಗ ಒಂದೇ ಎಲೆಯಲ್ಲಿ ಉಣ್ಣುವ ಕೊನೆಯ ಊಟ. ಇನ್ನು ಮೇಲೆ ತಾಯಿಯ ಎಂಜಲೂ ಇಲ್ಲ. ಹಿಂದಿನ ದಿನದಿಂದ ಸೊಂಟಕ್ಕೆ ಸೆರಗು ಸಿಕ್ಕಿಸಿ ಓಡಾಡಿದವಳಿಗೆ ಅಲ್ಲಿ ಕೂತಾಗಲೇ ಅದು ತಟ್ಟಿದ್ದು. ಗಂಟಲು ಕಟ್ಟಿ ಬಂತು. ಮಗ ನನ್ನ ಮುಖ ನೋಡಿ, ಎಲೆ ನೋಡಿ, ಮೆಲ್ಲಗೆ ಕೇಳಿದ: "ಆಯಿ, ಹಂಗಾರೆ ಇನ್ನು ನಿನ್ನ ಬಟ್ಟಲಿನ ಹಪ್ಪಳ ತೆಗಿಯಲಾಗ್ತಿಲ್ಯಾ?" ಅಷ್ಟರಲ್ಲಿ ಫೋಟೋದವ, "ಅಮ್ಮಾ, ಆ ತುತ್ತು ಇನ್ನೊಂದ್ಸಲ" ಎಂದ. ಕೊನೆಯ ತುತ್ತನ್ನು ನಾನು ನಾಲ್ಕು ಸಲ ತಿನ್ನಿಸಿದೆ.

ಮುಂದಿನದೆಲ್ಲ ಗಡಿಬಿಡಿ. ತಲೆ ಬೋಳಿಸುವಾಗ ಜುಟ್ಟು ಎಷ್ಟು ದೊಡ್ಡದಿರಬೇಕು ಎಂದು ಮಗನಿಗೂ ಅಜ್ಜಿಗೂ ಚೌಕಾಸಿ ನಡೆದು ಎರಡು ರೂಪಾಯಿಯ ನಾಣ್ಯದಷ್ಟಕ್ಕೆ ನಿಂತಿತು. ಮುತ್ತುಗದ ಕೋಲು ಹಿಡಿದು, ಕೌಪೀನ ಉಟ್ಟು ಅವನು ಬಂದಾಗ ನನಗೇ ಗುರುತು ಸಿಗಲಿಲ್ಲ. ಬ್ರಹ್ಮೋಪದೇಶಕ್ಕೆ ಶಾಲು ಹೊದಿಸಿದರು. ಅಪ್ಪ, ಮಗ, ಭಟ್ಟರು ಮೂವರೂ ಒಳಗೆ. ಹೊರಗಿದ್ದ ನನಗೆ ಕಂಡದ್ದು ಆರು ಪಾದ. ಆಮೇಲೆ ಮಗ ಕಿವಿಯಲ್ಲಿ ಹೇಳಿದ: "ಅಪ್ಪಂಗೆ ನಡುವೆ ಮರೆತು ಹೋತು, ಭಟ್ರು ಹೇಳಿಕೊಟ್ಟ. ಯಾರಿಗೂ ಹೇಳಡ ಹೇಳಿದ್ದ." ಗಾಯತ್ರಿಗೆ ಇರುವುದೇ 24 ಅಕ್ಷರ. "ಭವತಿ ಭಿಕ್ಷಾಂ ದೇಹಿ" ಎಂದು ಮೊದಲು ನನ್ನ ಮುಂದೆ ನಿಂತ, ಅಕ್ಕಿ ಹಾಕಿದೆ. ಉಳಿದವರು ಲಕೋಟೆ ಹಾಕಿದರು, ಅವನ ಕಣ್ಣೆಲ್ಲ ಅದರ ಮೇಲೇ ಇತ್ತು.

ಅತ್ತೆ ಒಳಗಿಂದ ಮಾವನ ತಾಮ್ರದ ಪಂಚಪಾತ್ರೆ ಉದ್ಧರಣೆ ತಂದು ಮೊಮ್ಮಗನ ಕೈಗಿಟ್ಟರು. ಮಾವ ಹೋಗಿ ಆರು ವರ್ಷ. ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದರು, ಹೊಸದರ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಉದ್ಧರಣೆ ಅಂದರೆ ಸಂಧ್ಯಾವಂದನೆಯಲ್ಲಿ ನೀರು ತೆಗೆದುಕೊಳ್ಳುವ ಪುಟ್ಟ ಚಮಚ. ಅದರ ತುದಿಯಲ್ಲಿ ಹಾವಿನ ಹೆಡೆ; ಮಾವನ ಹೆಬ್ಬೆರಳು ತಾಗಿ ತಾಗಿ ಹೆಡೆಯ ಒಂದು ಮಗ್ಗುಲು ನುಣ್ಣಗಾಗಿದೆ.

ಊಟ ಚೆನ್ನಾಗಿಯೇ ಆಯಿತು. ಅಪ್ಪೆಹುಳಿಗೆ ಜನ ಲೋಟ ಹಿಡಿದು ನಿಂತರು. ಹೋಳಿಗೆ ಮೂರನೇ ಪಂಕ್ತಿಗೆ ಸಾಲಲಿಲ್ಲ, ಲೆಕ್ಕ ಹಾಕಿಯೇ ಮಾಡಿಸಿದ್ದೆವು, ಎಲ್ಲಿ ಹೋಯಿತೋ ಎಂದು ಅಡಿಗೆ ಭಟ್ಟರೂ ತಲೆ ಕೆರೆದುಕೊಂಡರು. ಪಂಕ್ತಿಯಲ್ಲಿ ಶ್ಲೋಕ ಏಳುವಾಗ, "ಹರಹರ ಮಹಾದೇವ" ಎಂದು ಎಲ್ಲರೂ ಒಟ್ಟಿಗೆ ಅನ್ನುವಾಗ, ಇವರು ಹಾಲ್ ಬೇಡ ಅಂದದ್ದು ಸರಿಯೇ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ.

ನಾಲ್ಕೂವರೆಗೆ ಹೊರಟರೆ ಬೆಳಕಿರುವಾಗಲೇ ದೇವಿಮನೆ ಘಟ್ಟ ಇಳಿಯಬಹುದು ಎಂಬುದು ನಮ್ಮ ಲೆಕ್ಕ. ಭಾವನ ಲೆಕ್ಕ ಆಗಷ್ಟೇ ಶುರುವಾಗಿತ್ತು. ಅಂಗಳದಲ್ಲಿ ಗೋಣಿಚೀಲ ಹಾಸಿ, ತೊಳೆದ ಪಾತ್ರೆಗಳನ್ನು ಜಾತಿವಾರು ಸಾಲಾಗಿ ಇಡಿಸಿ, ಕುಕ್ಕರಗಾಲಲ್ಲಿ ಕೂತು ಒಂದೊಂದಕ್ಕೂ ಗೆರೆ ಎಳೆಯುತ್ತಿದ್ದರು. ಲೋಟ ಮುನ್ನೂರಕ್ಕೆ ಮುನ್ನೂರೂ ಇತ್ತು. ಇರದೇ ಏನು, ಕೈತೊಳೆಯುವ ಜಾಗದಲ್ಲಿ ಮೂರೂ ಪಂಕ್ತಿಗೆ ಅವರೇ ಕಾವಲು ನಿಂತಿದ್ದರು.

"ತುಪ್ಪದ ಸೌಟು ಆರು."

"ಐದು" ಅಂದ ಎಣಿಸುವ ಹುಡುಗ.

ಭಾವ ತಾವೇ ಎಣಿಸಿದರು. ತಿರುಗಿಸಿ ಎಣಿಸಿದರು. ಎದ್ದರು. ಪಂಚೆ ಎತ್ತಿ ಕಟ್ಟಿದರು. "ಯಾರೂ ಹೋಗಡಿ."

ವಿಚಾರಣೆ ಸುರುವಾಯಿತು. ಮೊದಲ ಪಂಕ್ತಿಗೆ ತುಪ್ಪ ಬಡಿಸಿದ್ದು ಮೈದುನ. ಅವನು ಕೊಟ್ಟದ್ದು ಹಪ್ಪಳದವನ ಕೈಗೆ. ಹಪ್ಪಳದವನು ಶ್ಲೋಕ ಹೇಳುವ ಹುರುಪಿನಲ್ಲಿ ಕಿಟಕಿಯ ಮೇಲಿಟ್ಟ. ಕಿಟಕಿಯಿಂದ ಎತ್ತಿದ್ದು ಯಾರು? ಎತ್ತಿದವನು ಎಂದು ಎಲ್ಲರೂ ತೋರಿಸಿದ ಹುಡುಗ ಆಗಲೇ ಯಲ್ಲಾಪುರದ ಬಸ್ಸಿನಲ್ಲಿದ್ದ. ಅವನಿಗೆ ಫೋನು ಹೋಯಿತು. ಬಸ್ಸಿನಲ್ಲೇ ಚೀಲ ಬಿಚ್ಚಿ ನೋಡಿದನಂತೆ.

ಆಮೇಲೆ ಕಾರುಗಳು. "ತಪ್ಪು ತಿಳ್ಕಳಡಿ" ಅನ್ನುತ್ತಲೇ ಭಾವ ಟಾರ್ಚು ಹಿಡಿದು ಡಿಕ್ಕಿ ತೆಗೆಸಿದರು. ಘಟ್ಟದ ಗೇಟಿನಲ್ಲೂ ಅಷ್ಟು ಶೋಧ ಆಗುವುದಿಲ್ಲ. ಮೊದಲ ಕಾರಿನಲ್ಲಿ ಹಲಸಿನಹಣ್ಣು, ಮಿಡಿ ಉಪ್ಪಿನಕಾಯಿಯ ಭರಣಿ. ಎರಡನೆಯದರಲ್ಲಿ ಅಡಿಕೆ ಸಸಿ. ಮೂರನೆಯದರಲ್ಲಿ ಸೌಟು ಸಿಗಲಿಲ್ಲ, ಮೂರನೇ ಪಂಕ್ತಿಗೆ ಸಾಲದ ಹೋಳಿಗೆ ಸಿಕ್ಕಿತು. ಬಾಳೆಲೆಯಲ್ಲಿ ನೀಟಾಗಿ ಕಟ್ಟಿದ್ದು, ನಲವತ್ತಕ್ಕೆ ಕಡಿಮೆ ಇರಲಿಲ್ಲ. ಭಾವ ಟಾರ್ಚು ಆರಿಸಿ ಡಿಕ್ಕಿ ಮುಚ್ಚಿದರು. ಹೋಳಿಗೆ ಅವರ ಪಟ್ಟಿಯಲ್ಲಿರಲಿಲ್ಲ. ಯಾರ ಕಾರು ಎಂದು ಇಲ್ಲಿ ಬರೆದರೆ ನಾನು ಇನ್ನು ತವರಿಗೆ ಹೋಗುವ ಹಾಗಿಲ್ಲ.

ಉಳಿದದ್ದು ಎಂಜಲೆಲೆಯ ರಾಶಿ. ಎಲೆಯ ಜೊತೆ ಮಡಚಿಕೊಂಡು ಹೋಗಿರಬಹುದು ಎಂದು ಕೊಟ್ಟಿಗೆಯ ಹಿಂದೆ ಹೋದೆವು. ಅಲ್ಲಿ ನಮ್ಮ ಗೌರಿ ಆಕಳು ಅರ್ಧ ರಾಶಿ ಮುಗಿಸಿ, ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಕೋಲು ಹಾಕಿ ರಾಶಿ ಕೆದಕಿದ್ದಾಯಿತು. ಇಲ್ಲ. ಭಾವ ನಿಧಾನಕ್ಕೆ ತಲೆ ಎತ್ತಿ ಗೌರಿಯನ್ನು ನೋಡಿದರು. ಗೌರಿ ಮೆಲುಕು ನಿಲ್ಲಿಸಿ ಭಾವನನ್ನು ನೋಡಿತು. ಭಾವ ಅದರ ಹೊಟ್ಟೆಯ ಎಡಗಡೆ ನೋಡಿದರು, ಸುತ್ತು ಬಂದು ಬಲಗಡೆ ನೋಡಿದರು, ಟಾರ್ಚು ಬಿಟ್ಟು ನೋಡಿದರು. ಒಳಗಿಂದ ಹೊಳೆಯುತ್ತದೆ ಅಂದುಕೊಂಡರೋ ಏನೋ. "ಒಂದು ಮೊಳ ಉದ್ದದ ಸೌಟು ಭಾವ, ನುಂಗಲೆ ಆಗ್ತಾ?" ಎಂದರು ಇವರು. ಭಾವ ಉತ್ತರ ಕೊಡಲಿಲ್ಲ. ಅತ್ತೆಯನ್ನು ಕರೆದು, ಎರಡು ದಿನ ಸೆಗಣಿ ಸ್ವಲ್ಪ ನೋಡಿ ಹಾಕಿ ಚಿಕ್ಕಿ ಎಂದರು. ಅತ್ತೆ ಎಪ್ಪತ್ತೆರಡರ ಮುದುಕಿ, ಮೊಮ್ಮಗನ ಮುಂಜಿ ಕಂಡ ದಿನ, ರೇಷ್ಮೆ ಸೀರೆಯಲ್ಲಿ ನಿಂತು ತಲೆ ಅಲ್ಲಾಡಿಸಿದರು.

ನಾವು ಹೊರಟದ್ದು ಏಳೂ ಕಾಲಿಗೆ. ಘಟ್ಟದಲ್ಲಿ ಮಳೆ, ಮಂಜು, ಅಗೆದ ರಸ್ತೆ. ಕಾರವಾರಕ್ಕೆ ನೂರಿಪ್ಪತ್ತು ಕಿಲೋಮೀಟರಿನ ಆಚೀಚೆ. ಆ ರಾತ್ರಿ ಮುನ್ನೂರಿದ್ದ ಹಾಗಿತ್ತು. ಕುಮಟೆಯಲ್ಲಿ ಹಸಿವೆ ತಡೆಯದೆ ಹೋಟೆಲಿಗೆ ನುಗ್ಗಿದೆವು. ನನ್ನ ಬಟ್ಟಲಿನ ಬನ್ಸನ್ನು ಮಗ ಕೈಹಾಕಿ ಅರ್ಧ ಹರಿದುಕೊಂಡ. ಬೆಳಿಗ್ಗೆ ಫೋಟೋ ತೆಗೆಸಿಕೊಂಡು ಮುಗಿಸಿದ ಸಂಬಂಧ ರಾತ್ರಿ ಒಂಬತ್ತೂವರೆಗೆ ತಿರುಗಿ ಸುರುವಾಯಿತು. ಭಟ್ಟರಿಗೆ ಯಾರೂ ಹೇಳಬೇಡಿ.

ಸೋಮವಾರ ನಾನು ಕಚೇರಿಗೆ ಹೋಗಲೇಬೇಕಿತ್ತು. ಬೆಳಿಗ್ಗೆ ದೇವರ ಕೋಣೆಯಲ್ಲಿ ಅಪ್ಪ ಮಗ ಸಂಧ್ಯಾವಂದನೆಗೆ ಕೂತರು. ಮಗನಿಗೆ ಹೊಸ ಹುರುಪು, ಅಪ್ಪನಿಗೆ ಹೊಸ ಹೆದರಿಕೆ. ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಮರೆತದ್ದು ನೆನಪಾಗಲಿ ಎಂದು ದೇವರಲ್ಲೇ ಬೇಡುತ್ತಿದ್ದರು. ಹೊರಗೆ ಬಂದ ಮಗ ದೋಸೆ ಬೇಡ ಅಂದ. "ಹೊಟ್ಟೆ ತುಂಬ್ತು ಆಯಿ." ಏನೂ ತಿನ್ನದೆ ಹೊಟ್ಟೆ ಹೇಗೆ ತುಂಬುತ್ತದೆ? ಎರಡು ದಿನ ಜಿಲೇಬಿ ತಿಂದ ಫಲ ಎಂದು ಜೀರಿಗೆ ಕಷಾಯ ಕುಡಿಸಿದೆ. ಅಷ್ಟರಲ್ಲಿ ಭಾವನ ಫೋನು. ಚೀಲ ಎಲ್ಲ ಕೊಡವಿ ನೋಡು, ಕಾರಿನ ಸೀಟಿನ ಕೆಳಗೆ ನೋಡು. ಹನ್ನೊಂದಕ್ಕೆ ಇನ್ನೊಂದು, ನಾನು ಮೀಟಿಂಗಿನಲ್ಲಿ. ಮಧ್ಯಾಹ್ನ ಮತ್ತೊಂದು. "ಅಲ್ದೇ ತಂಗಿ, ಲೆಕ್ಕದಲ್ಲಿ ಪೂಜೆ ಸಾಮಾನೊಂದು ಜಾಸ್ತಿ ಬೈಂದು. ಭಟ್ರದ್ದಾಗಿರವು. ಬೇರೆಯವರ ಸಾಮಾನು ಇಟ್ಕಂಬ ಜನ ಅಲ್ಲ ನಾವು." ಕೊನೆಯ ಮಾತು ಯಾರಿಗೆ ಹೇಳಿದ್ದು ಎಂದು ನನಗೆ ತಿಳಿಯದೆ ಇಲ್ಲ. ಹೊಸ ಸೌಟು ತಂದು ಕೊಡ್ತೇವೆ ಭಾವ ಅಂದೆ. ಆ ಕಡೆ ಎಷ್ಟು ಹೊತ್ತು ಸುಮ್ಮನಾದರು ಎಂದರೆ ಲೈನು ಕಟ್ಟಾಯಿತು ಅಂದುಕೊಂಡೆ. "ನಂಬರು ನಾಕು ಪೇಟೇಲಿ ಸಿಗ್ತನೇ?"

ಸಿಟ್ಟು ಬಂದದ್ದು ಸುಳ್ಳಲ್ಲ. ಆದರೆ ಶುಕ್ರವಾರದಿಂದ ಭಾನುವಾರದ ತನಕ ಆ ಮನುಷ್ಯ ಕೂತು ಉಂಡದ್ದನ್ನು ನಾನು ನೋಡಲಿಲ್ಲ ಎಂಬುದೂ ನೆನಪಾಯಿತು. ಪಂಕ್ತಿಯೆಲ್ಲ ಎದ್ದ ಮೇಲೆ, ಅಡಿಗೆಮನೆಯ ಮೂಲೆಯಲ್ಲಿ, ಹರಿವಾಣದ ತಳದಲ್ಲಿದ್ದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ನಿಂತೇ ಉಂಡಿದ್ದರು. ಆ ಬೀಗದ ಕೈಯನ್ನು ಅವರ ನಂತರ ಜನಿವಾರಕ್ಕೆ ಕಟ್ಟಿಕೊಳ್ಳುವವರು ಯಾರು? ಆ ಮೂವರು ಬ್ರಹ್ಮಚಾರಿಗಳ ಪೈಕಿ ಒಬ್ಬರಿರಬಹುದು.

ಇವತ್ತು ಸಂಜೆ ಸ್ವಲ್ಪ ಬೇಗ ಮನೆಗೆ ಬಂದೆ. ಇವರು ಇನ್ನೂ ಬಂದಿರಲಿಲ್ಲ. ದೇವರ ಕೋಣೆಯಲ್ಲಿ ಬೋಳುತಲೆಯ ಒಂದು ಆಕೃತಿ, ಬೆನ್ನು ಕೋಲಿನ ಹಾಗೆ ನೆಟ್ಟಗೆ, ಯಾರೂ ಹೇಳದೆ ತಾನೇ ಕೂತು "ಕೇಶವಾಯ ಸ್ವಾಹಾ" ಎನ್ನುತ್ತಿತ್ತು. ಬಾಗಿಲಲ್ಲೇ ನಿಂತೆ. ಆಚಮನಕ್ಕೆ ಉದ್ದಿನಕಾಳು ಮುಳುಗುವಷ್ಟು ನೀರು ಸಾಕು ಎಂದು ಭಟ್ಟರು ಹೇಳಿಕೊಟ್ಟಿದ್ದರು. ಇವನು ಪಂಚಪಾತ್ರೆಯ ಪಕ್ಕದ ಚೊಂಬಿಗೆ ಮೊಳದುದ್ದದ ಸೌಟು ಅದ್ದಿ, ಅಂಗೈಗೆ ಸುರಿದು, ಹರಿಯುವುದನ್ನು ಮೊಣಕೈ ತನಕ ಬಿಟ್ಟು, ಮುಖ ಕಿವಿಚಿ ಗುಟುಕರಿಸುತ್ತಿದ್ದ. ಮೂರು ಗುಟುಕು. ಸಂಧ್ಯಾವಂದನೆಯೊಂದಕ್ಕೆ ಆಚಮನ ಎಷ್ಟು ಸಲ, ಸೌಟು ಎಷ್ಟಾಯಿತು, ಲೆಕ್ಕ ಹಾಕಿ ದಂಗಾದೆ. ದೋಸೆಗೆ ಜಾಗವೆಲ್ಲಿ? ಅದರ ಮೇಲೆ ನನ್ನ ಜೀರಿಗೆ ಕಷಾಯ ಬೇರೆ.

"ಉದ್ಧರಣೆ ಎಲ್ಲೋತೋ?"

"ಇದೇ ಅಲ್ದಾ? ಅಜ್ಜಿ ಕಟ್ಟಿಕೊಟ್ಟ ಗಂಟಿನಲ್ಲಿ ಇದೇ ಇತ್ತು." ಮುಖದಲ್ಲಿ ಅನುಮಾನದ ಗೆರೆಯೂ ಇಲ್ಲ. ದೊಡ್ಡವರಾಗುವುದು ಕಷ್ಟದ ಕೆಲಸ, ನೀರು ಜಾಸ್ತಿ ಕುಡಿಯಬೇಕಾಗುತ್ತದೆ ಎಂದು ಅವನು ಒಪ್ಪಿಕೊಂಡುಬಿಟ್ಟಿದ್ದ.

ಭಾನುವಾರ ಬಾವಿಕಟ್ಟೆಯ ಮೇಲೆ ಎಲ್ಲವನ್ನೂ ಒಟ್ಟಿಗೆ ಸುರಿದು ತೊಳೆದಿದ್ದರು. ಅತ್ತೆಗೆ ಸಂಜೆಯ ಮೇಲೆ ಕಣ್ಣು ಮಂಜು. ಸೌಟು ತೆಗೆದು ಬೆಳಕಿಗೆ ಹಿಡಿದೆ.‌ ಹಿಡಿಕೆಯ ಬೆನ್ನಿಗೆ ಊರ ಹೆಸರು, ಚುಕ್ಕಿ ಚುಕ್ಕಿಯಾಗಿ. ಅದರ ಪಕ್ಕ 4.

ಕೈಯಲ್ಲಿ ಅದನ್ನು ಹಿಡಿದು ನಿಂತಿದ್ದಾಗಲೇ ಫೋನು. ಇವತ್ತಿನದು ಐದನೆಯದು. ಈಗ ಹೇಳಿದರೆ? ನಾಳೆ ಬೆಳಗಾಗುವುದರೊಳಗೆ ನಮ್ಮದು ಸೌಟಿನಮನೆ. ಮಾಣಿ ನಾಳೆ ಐಎಎಸ್ ಆದರೂ ಸೌಟಿನಮನೆ ಮಾಣಿ. ಭಾನುವಾರ ಹೋಗಿ, ಹಳೇ ಕೊಪ್ಪರಿಗೆಯೊಳಗೆ ಗೊತ್ತಾಗದ ಹಾಗೆ ಹಾಕಿ ಬಂದುಬಿಡೋಣ ಎಂದು ಆ ಕ್ಷಣದಲ್ಲೇ ನಿಶ್ಚಯ ಮಾಡಿದೆ.

"ಸಿಕ್ತನೇ ತಂಗಿ?"

"ನೋಡ್ತಾ ಇದ್ದಿ ಭಾವ." ಅದು ಸುಳ್ಳೂ ಅಲ್ಲ, ನೋಡುತ್ತಲೇ ಇದ್ದೆ.

"ಹೂಂ. ಆ ಪೂಜೆ ಸಾಮಾನಿದ್ದಲೆ, ಭಟ್ರಿಗೆ ಕೇಳ್ದಿ. ಅವರದ್ದಲ್ಲ ಅಡ. ನಾಳೆ ದೇವಸ್ಥಾನದ ಹುಂಡಿಗೆ ಹಾಕ್ತಿ."

ಮಾವನ ಹೆಬ್ಬೆರಳು ನೆನಪಾಯಿತು. ಬಾಯಿ ನನ್ನ ಮಾತು ಕೇಳಲಿಲ್ಲ.

"ಹಾಕಡಿ ಭಾವ! ಅದರ ತುದಿಗೆ ಹಾವಿನ ಹೆಡೆ ಇದ್ದಲೆ? ಒಂದು ಬದಿ ಸವೆದಿದ್ದು..."

ಆ ಕಡೆ ಉದ್ದ ಪಟ್ಟಿಯ ಹಾಳೆ ಮಗುಚಿದ ಸದ್ದು ಕೇಳಿಸಿತು.

"ಇದ್ದು" ಅಂದರು ಭಾವ. "ನಿಂಗೆ ಹೆಂಗೆ ಗೊತ್ತಾತು?"